ನಲವತ್ತೊಂದು ಹನಿ

ಕೋಪ ಬಂದಾಗ ಕೆಲವರು ಬೈಯುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಡೈರಿ ಬರೆಯುತ್ತೇನೆ. ಇದು ಸಾಧು ಅಭ್ಯಾಸವೆಂದು ಯಾರೂ ತಿಳಿಯಬಾರದು. ಬೈದವನು ಸಂಜೆಗೆ ಮರೆಯುತ್ತಾನೆ, ಊಟ ಬಿಟ್ಟವನು ಮಾರನೆಯ ದಿನ ಎರಡು ಮುದ್ದೆ ಹೆಚ್ಚಿಗೆ ಮುರಿಯುತ್ತಾನೆ. ತಾರೀಖು ಹಾಕಿ ಬರೆದಿಟ್ಟ ಕೋಪ ಮಾತ್ರ ಉಪ್ಪಿನಕಾಯಿಯ ಹಾಗೆ ದಿನ ಕಳೆದಷ್ಟೂ ಖಾರವಾಗುತ್ತದೆ. ಹೈಸ್ಕೂಲಿನಲ್ಲಿದ್ದಾಗಲೇ ನಮ್ಮ ಸೋದರತ್ತೆ ದಿನಕ್ಕೆ ಎಷ್ಟು ಸಲ ‘ನಾನಾಗಿದ್ದಕ್ಕೆ ಸರಿಹೋಯ್ತು’ ಅನ್ನುತ್ತಾರೆಂದು ಎಣಿಸಿ, ಹದಿನೇಳು ಎಂದು ಅವರಿಗೇ ಓದಿ ಹೇಳಿದ್ದೆ. ಆಮೇಲೆ ಎರಡು ವರ್ಷ ಅವರು ನಮ್ಮ ಮನೆಗೆ ಬರಲಿಲ್ಲ. ಬಾರದ ಹಬ್ಬಗಳ ಪಟ್ಟಿಯೂ ನನ್ನ ಹತ್ತಿರ ಇದೆ.

ಈ ವರ್ಷ ನನ್ನ ಕೋಪವನ್ನೆಲ್ಲ ಒಂದು ಲಾರಿ ತಿಂದಿದೆ. ಮಳವಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪನ ಲಾರಿ. ಐವತ್ತೆಂಟರ ಮಾಡೆಲ್ಲು, ನನಗಿಂತ ಐದು ವರ್ಷ ಚಿಕ್ಕದು, ನಡವಳಿಕೆಯಲ್ಲಿ ಮಾತ್ರ ಹಣ್ಣು ಮುದುಕ. ಚಿಕ್ಕರಸಿನಕೆರೆ, ಬಸರಾಳು, ನಿಡಘಟ್ಟದ ಕಡೆಯ ಆಲೆಮನೆಗಳಿಂದ ಬೆಲ್ಲ ತುಂಬಿಕೊಂಡು ಮಂಡ್ಯದ ಮಂಡಿಗೆ ಹಾಕುವುದು ಅದರ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನು ಓಡಿಸುತ್ತಿರುವವನು ಜವರಣ್ಣ. ಬಿ.ಎಸ್ಸಿ. ಮುಗಿಸಿ ಕೆಲಸ ಸಿಗದೆ ಕೂತಿದ್ದ ನನಗೆ ದೊಡ್ಡಪ್ಪ, ‘ಸುಮ್ಕೆ ಕೂತಿರೋ ಬದ್ಲು ಲಾರಿ ಮ್ಯಾಲೆ ಒಂದು ಕಣ್ಣು ಮಡುಗ್ಲಾ’ ಅಂದರು. ನಾನು ಎರಡು ಕಣ್ಣೂ ಒಂದು ಪೆನ್ಸಿಲೂ ಇಟ್ಟೆ.

ಇಟ್ಟ ದಿನವೇ ಕಂಡದ್ದು ಎಣ್ಣೆ. ಲಾರಿ ಎಲ್ಲಿ ನಿಂತರೆ ಅಲ್ಲಿ ಎಂಜಿನ್ ಕೆಳಗೆ ತೊಟತೊಟ ಸುರಿಯುತ್ತಿತ್ತು. ಬಸರಾಳಿನಲ್ಲಿ ಒಬ್ಬ ಹೆಂಗಸು ಪೊರಕೆ ಹಿಡಿದೇ ಹೊರಗೆ ಬಂದಳು.

‘ಈಗ್ತಾನೆ ರಂಗೋಲಿ ಬುಟ್ಟಿವ್ನಿ. ನಿಮ್ ಲಾರಿ ಉಚ್ಚೆ ಉಯ್ಯಕ್ಕೆ ನಮ್ಮನೆ ಬಾಗ್ಲೇ ಬೇಕಿತ್ತಾ?’

ಜವರಣ್ಣ ಬೀಡಿ ಕೂಡ ಬಾಯಿಂದ ತೆಗೆಯಲಿಲ್ಲ. ‘ವಯಸ್ಸಾಗದೆ ಕಣಮ್ಮ, ತಡ್ಕೊಳಾಕಾಗಾಕಿಲ್ಲ ಅದ್ಕೆ’ ಅಂದ. ಅವಳು ನಕ್ಕುಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಎಂಜಿನ್ ಎಣ್ಣೆ ಸಿಗುವುದೇ ಕಷ್ಟವಾಗಿರುವ ಈ ಕಾಲದಲ್ಲಿ ಸೋರಿಕೆಯನ್ನು ತಮಾಷೆ ಮಾಡುವ ಮನುಷ್ಯನನ್ನು ನಾನು ಕ್ಷಮಿಸಲಾರೆ. ಅಂದೇ ಬರೆದುಕೊಂಡೆ: ‘ಡ್ರೈವರ್: ಬೇಜವಾಬ್ದಾರಿ.’

ಏಳನೇ ತಾರೀಖು ನನ್ನ ವಿಧಾನ ಶುರುವಾಯಿತು. ಸೀಮೆಎಣ್ಣೆಯಲ್ಲಿ ಎಂಜಿನ್ ತೊಳೆದು, ಒಣಗಿಸಿ, ಮೈತುಂಬ ಬಿಳಿ ಪುಡಿ ಉದುರಿಸಿದರೆ ಎಣ್ಣೆ ಎಲ್ಲಿಂದ ಇಳಿಯುತ್ತದೆಂದು ಗೆರೆಗೆರೆಯಾಗಿ ತಿಳಿಯುತ್ತದೆ. ಪುಡಿಗೆ ಎಲ್ಲಿ ಹೋಗಲಿ? ಅಡುಗೆಮನೆಯಿಂದ ಒಂದು ಸೇರು ಅಕ್ಕಿಹಿಟ್ಟು ತಂದೆ. ಅವ್ವನ ಬೈಗುಳ ಡೈರಿಯಲ್ಲಿ ಅರ್ಧ ಪುಟ ಇದೆ. ಎಂಜಿನ್ ಕಾಯುತ್ತಲೇ ರೊಟ್ಟಿಯ ವಾಸನೆ ಎದ್ದಿತು. ಜವರಣ್ಣ ಮೂಗರಳಿಸಿ, ‘ಚಟ್ನಿ ಯಾವಾಗ ಅರೀತೀರ, ಸಣ್ಣಗೌಡ್ರೆ?’ ಎಂದು ಕೇಳಿದ. ನಾನು ಕೆಳಗೆ ಪೇಪರ್ ಹಾಸಿ, ಬಿದ್ದ ಹನಿಗೊಂದು ಸುತ್ತು ಹಾಕುತ್ತ ಒಂದು ಗಂಟೆ ಕೂತೆ. ನಲವತ್ತೊಂದು ಹನಿ. ಅದರಲ್ಲಿ ಒಂಬತ್ತು, ಎಂಜಿನ್ನಿನ ಪಕ್ಕದಿಂದ ನೆಲದ ಕಡೆಗೆ ಬಾಗಿದ್ದ ಒಂದು ಬೋಳು ಪೈಪಿನ ಬಾಯಿಂದ. ಆ ಪೈಪು ಎಲ್ಲಿಗೂ ಸೇರುವುದಿಲ್ಲ, ಸುಮ್ಮನೆ ಬಾಯಿ ಬಿಟ್ಟುಕೊಂಡು ತೊಟ್ಟಿಕ್ಕುತ್ತದೆ. ಇಷ್ಟು ವರ್ಷ ಯಾರಿಗೂ ಕಾಣಲಿಲ್ಲವಲ್ಲ ಎಂದು ಹಲ್ಲು ಕಡಿದು, ತೆಂಗಿನ ಜುಂಗನ್ನು ಅದರೊಳಗೆ ಗಿಡಿದು, ಮೇಲೆ ಹಳೇ ಸೈಕಲ್ ಟ್ಯೂಬನ್ನು ಬಿಗಿದು ಕಟ್ಟಿದೆ.

ನಲವತ್ತೊಂದರಲ್ಲಿ ಒಂಬತ್ತು ಕಳೆದರೆ ಮೂವತ್ತೆರಡು. ಲಾರಿ ಒಂದು ಟ್ರಿಪ್ಪು ಹೋಗಿಬಂದ ಮೇಲೆ ಎಣಿಸಿದೆ. ಅರವತ್ತೇಳು.

ನನ್ನ ಲೆಕ್ಕ ತಪ್ಪುವುದಿಲ್ಲ. ಆದ್ದರಿಂದ ತಪ್ಪು ಬೇರೆಯವರದೇ ಇರಬೇಕು. ಮೇಲ್ಮುಚ್ಚಳದ ಪ್ಯಾಕಿಂಗ್ ಬದಲಾಯಿಸಿದೆ: ಎಪ್ಪತ್ತೆಂಟು. ಕೆಳಗಿನ ಚೇಂಬರಿನ ಬೋಲ್ಟುಗಳನ್ನೆಲ್ಲ ಬಿಗಿದೆ: ತೊಂಬತ್ತು ದಾಟಿತು. ಕೊನೆಗೆ ಎಣ್ಣೆ ಹಿಂಬದಿಯಿಂದ ಕ್ಲಚ್ಚಿಗೂ ಇಳಿದು, ಅದು ಜಾರತೊಡಗಿ, ಮದ್ದೂರಿನ ಹತ್ತಿರ ಒಂದು ಸಣ್ಣ ಏರಿನಲ್ಲಿ ಪೂರ್ತಿ ಲೋಡಿದ್ದ ಲಾರಿ ಅರಚಿತೇ ಹೊರತು ಮುಂದಕ್ಕೆ ಹೋಗಲಿಲ್ಲ. ಬೆಲ್ಲವನ್ನು ಎತ್ತಿನ ಗಾಡಿಗೆ ಇಳಿಸಬೇಕಾಯಿತು. ನಾನು ದೊಡ್ಡಪ್ಪನ ಮುಂದೆ ಡೈರಿ ಬಿಚ್ಚಿ, ಜವರಣ್ಣ ಗೇರು ಬದಲಾಯಿಸುವ ಮೊದಲು ಎಷ್ಟು ಸಲ ಎಂಜಿನ್ ರೇಗಿಸುತ್ತಾನೆ, ಎಷ್ಟು ಕಡೆ ಟೀಗೆ ನಿಲ್ಲಿಸುತ್ತಾನೆ, ಎಲ್ಲ ಓದಿದೆ. ದೊಡ್ಡಪ್ಪ ಪೂರ್ತಿ ಕೇಳಿ, ‘ಸೋಮ್ವಾರದಿಂದ ಬೇರೆ ಡ್ರೈವರ್ನ ನೋಡಾನ’ ಅಂದರು.

ಜವರಣ್ಣ ಬಾಗಿಲಲ್ಲೇ ನಿಂತಿದ್ದ. ಅವನ ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದದ್ದು ಈ ಲಾರಿಯ ಸ್ಟಿಯರಿಂಗಿನಿಂದ. ಅವನು ನನ್ನನ್ನು ನೋಡಿ, ‘ಇದ್ನೂ ಬರ್ಕೊಳಿ’ ಎಂದಷ್ಟೇ ಹೇಳಿದ. ನಿಜ ಹೇಳುತ್ತೇನೆ, ಬರೆದುಕೊಂಡೆ.

ಭಾನುವಾರ ಅವನ ಕೊನೆಯ ಕೆಲಸವಾಗಿ ಲಾರಿಯನ್ನು ಮೆಲ್ಲಗೆ ಮಂಡ್ಯಕ್ಕೆ, ಪುಟ್ಟಾಚಾರಿಯ ಗ್ಯಾರೇಜಿಗೆ ಒಯ್ದೆವು; ದೊಡ್ಡಪ್ಪನೂ ಜೊತೆಗೆ ಬಂದರು. ಪುಟ್ಟಾಚಾರಿ ಕುಲುಮೆಯಿಂದ ಬಂದ ಮೇಸ್ತ್ರಿ, ಮಾತೂ ಸುತ್ತಿಗೆಯ ಹಾಗೆ. ಎಂಜಿನ್ ಓಡುತ್ತಿದ್ದಾಗಲೇ ಎಣ್ಣೆ ಹುಯ್ಯುವ ಮುಚ್ಚಳ ತಿರುಗಿಸಿದ. ಮುಚ್ಚಳ ಅವನ ಕೈಯಿಂದ ಹಾರಿ, ಹೊಗೆ ಬುಸ್ಸೆಂದಿತು. ಬಗ್ಗಿ ಪೈಪನ್ನು ತಡವಿದ.

‘ಇದು ಇಂಜಿನ್ ಉಸ್ರಾಡೋ ಮೂಗು. ಇದ್ಕೆ ತೆಂಗಿನ ಜುಂಗು ಗಿಡ್ದಿರೋ ಆ ಪುಣ್ಯಾತ್ಮ ಯಾರ್ಲಾ? ಮೂಗು ಮುಚ್ಚುದ್ರೆ ಒಳ್ಗಿನ ಗಾಳಿ ಸಿಕ್ಕಿದ ಸಂದೀಲೆಲ್ಲ ಎಣ್ಣೆ ನೂಕ್ತದೆ. ಎಮ್ಮೆಗಾದ್ರೂ ಇಷ್ಟು ಗ್ಯಾನ ಇರ್ತದೆ.’

ದೊಡ್ಡಪ್ಪ ಜವರಣ್ಣನ ಕಡೆಗೇ ತಿರುಗಿದರು. ‘ನೋಡ್ದಾ? ಅದ್ಕೇ ನಾನಂದಿದ್ದು.’

ಜವರಣ್ಣ ದನಿ ಏರಿಸಲಿಲ್ಲ. ‘ಸಣ್ಣಗೌಡ್ರ ಪುಸ್ತಕ ತಗೀಸಿ ಗೌಡ್ರೆ. ನಾ ಕೆಮ್ಮಿದ್ನೂ ಬರ್ದವ್ರೆ, ಇದ್ನ ಬರೀದೆ ಇರ್ತಾರಾ?’

ಡೈರಿ ನನ್ನ ಕಂಕುಳಲ್ಲೇ ಇತ್ತು. ಒಂದು ಹಾಳೆಯನ್ನು ಹೆಚ್ಚಿಗೆ ಮಗುಚಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಜವರಣ್ಣ ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಓದಿದೆ: ‘ಏಳನೇ ತಾರೀಖು, ಸಂಜೆ. ಅನವಶ್ಯಕ ಪೈಪು ಒಂದನ್ನು ಸ್ವಂತ ಬುದ್ಧಿಯಿಂದ ಮುಚ್ಚಿದೆನು. ಕೆಲಸ ತೃಪ್ತಿಕರ.’

ಗ್ಯಾರೇಜಿನಲ್ಲಿ ಮೂರು ಲಾರಿಗಳ ಜನ ಇದ್ದರು. ಅವರು ಎಷ್ಟು ಹೊತ್ತು ನಕ್ಕರೆಂದು ನಾನು ಬರೆದುಕೊಳ್ಳಲಿಲ್ಲ. ಪುಟ್ಟಾಚಾರಿ ಜುಂಗು ಕಿತ್ತೆಸೆದು, ಕ್ಲಚ್ಚು ತೊಳೆದುಕೊಟ್ಟ. ದೊಡ್ಡಪ್ಪ ಕೆಮ್ಮಿ, ಶಲ್ಯ ಸರಿಮಾಡಿಕೊಂಡು, ‘ಆಗಿದ್ದಾಯ್ತು. ನಾಳೀಕೆ ಗಾಡಿ ತಗಿ ಜವರ’ ಅಂದರು. ಜವರಣ್ಣ ಬೀಗದ ಕೈಯನ್ನು ಮೊದಲು ಅವರ ಕೈಗೇ ಕೊಟ್ಟು, ಷರತ್ತು ಹಾಕಿದ. ‘ತಗೀತೀನಿ. ಒಂದು ತಿಂಗ್ಳು ಸಣ್ಣಗೌಡ್ರು ನಂಜೊತೆ ಕಿಲೀನರ್ ಆಗಿ ಬರ್ಬೇಕು. ಪುಸ್ತಕ ಮನೇಲಿ ಬುಟ್ಟು.’ ದೊಡ್ಡಪ್ಪ ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಬಿಟ್ಟರು.

ಆದ್ದರಿಂದ ಇದನ್ನು ಬೆಲ್ಲದ ಮಂಡಿಯ ಹಾಳು ಚೀಟಿಗಳ ಹಿಂಬದಿಯಲ್ಲಿ ಕದ್ದು ಬರೆಯುತ್ತಿದ್ದೇನೆ. ಹತ್ತೊಂಬತ್ತು ದಿನ ಆಯಿತು. ಎಣ್ಣೆ ಹಿಡಿಯಲು ಜವರಣ್ಣ ಒಂದು ತಗಡಿನ ತಟ್ಟೆ ಮಾಡಿಸಿದ್ದಾನೆ. ಇವತ್ತು ನಿಡಘಟ್ಟದಲ್ಲಿ ಟೀ ಅಂಗಡಿಯ ಮುಂದೆ ಲಾರಿ ನಿಲ್ಲಿಸಿದವನೇ ಬೆಂಚಿನ ಮೇಲೆ ಕಾಲು ಚಾಚಿ ಕೂತು, ಹತ್ತು ಜನಕ್ಕೆ ಕೇಳುವ ಹಾಗೆ, ‘ಸಣ್ಣಗೌಡ್ರೆ, ತಟ್ಟೆ ಮಡುಗಿ’ ಅಂದ. ನನ್ನ ಕಿವಿಯಲ್ಲಿ ಹೊಗೆ ಬಂತು. ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ ತಟ್ಟೆ ಇಟ್ಟೆ. ಇನ್ನು ಹನ್ನೊಂದು ದಿನ.