ಮೂರನೆಯ ಕೂಗು

ಯಮ ಬಂದು ಬಾಗಿಲಲ್ಲಿ ನಿಂತು ಒಂದೇ ಸಲ ಕರೆದರೆ ನಮ್ಮ ಕಾಕಾ ಖಂಡಿತ ಹೋಗುವವರಲ್ಲ! ಎರಡನೆಯ ಸಲಕ್ಕೂ ಇಲ್ಲ. ಮೂರನೆಯ ಸಲ ಕರೆದ ಮೇಲೆ ಕನ್ನಡಕ ತೆಗೆದು, "ಯಾರ್ರೀ ಅದು?" ಎಂದಾರು.

ತಪ್ಪು ಅವರದಲ್ಲ. ಗಂಡ-ಹೆಂಡಿರ ವ್ಯಾಜ್ಯ ನಡೆಯುವ ಕೋರ್ಟೊಂದರಲ್ಲಿ ಕಾಕಾ ಪಟ್ಟೇವಾಲಾ, ಎಂದರೆ ಜವಾನ, ಆಗಿದ್ದರು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಹಿಡಿದು "ಹಾಜರ್ ಆಹೇತ್ ಕಾ?", ಹಾಜರಿದ್ದಾರೆಯೇ, ಎಂದು ಮರಾಠಿಯಲ್ಲಿ ಮೂರು ಸಲ ಕೂಗುವುದು ಅವರ ಕೆಲಸ. ಮೂರಕ್ಕೂ ಓಗೊಡದಿದ್ದರೆ ಗೈರುಹಾಜರಿ. ಅರ್ಜಿ ಹಾಕಿದವರೇ ಗೈರಾದರೆ ಅರ್ಜಿ ವಜಾ, ಮದುವೆ ಇದ್ದ ಹಾಗೇ! ಇದರ ಮೇಲೆ ನಮ್ಮ ಅಜ್ಜಿಯ ಕಾಯಿದೆ ಬೇರೆ: "ಮೂರುಸಂಜಿಗೆ ಯಾರರ ಒಂದು ಸಲ ಕರದ್ರ ಓ ಅನಬ್ಯಾಡ್ರಿ. ದೆವ್ವ ಒಮ್ಮೆ ಕರೀತದ, ಮನಿಷ್ಯಾ ಮತ್ತ ಕರೀತಾನ." ಕೋರ್ಟು, ದೆವ್ವ ಎರಡೂ ಒಂದೇ ಕಡೆ ನಿಂತ ಮೇಲೆ ಕಾಕಾ ಯಾಕೆ ಬಗ್ಗಿಯಾರು?

ಧನಕವಡಿ ಬಡಾವಣೆಯ ನಮ್ಮ ಕಟ್ಟಡದಲ್ಲಿ ಜೋಡಿಗಳಿಗೆ ಅವರನ್ನು ಕಂಡರೆ ಎದೆ ಝಲ್ಲೆನ್ನುತ್ತಿತ್ತು. ಒಂದು ಸಂಜೆ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತ, ಯಾವ ಧ್ಯಾನದಲ್ಲಿದ್ದರೋ, ಮೇಲಿನ ಮನೆಯ ಹೊಸ ಮದುಮಕ್ಕಳ ಹೆಸರನ್ನು ಕೋರ್ಟಿನ ಧಾಟಿಯಲ್ಲಿ ಕೂಗಿಬಿಟ್ಟರು. ಮೆಟ್ಟಿಲಿಳಿಯುತ್ತಿದ್ದ ಆ ಹುಡುಗಿಯ ಮುಖ ಬಿಳಿಚಿಕೊಂಡಿತು. ಕೆಲವು ವರ್ಷಗಳ ಮೇಲೆ ಅದೇ ಎರಡು ಹೆಸರುಗಳನ್ನು ಕೋರ್ಟಿನಲ್ಲೂ ಅವರೇ ಕೂಗಬೇಕಾಯಿತು! ಅಂದಿನಿಂದ ಲಿಫ್ಟಿನಲ್ಲಿ ಜಗಳಾಡುವವರು ಕಾಕಾ ಒಳಗೆ ಕಾಲಿಟ್ಟೊಡನೆ ಕೈಕೈ ಹಿಡಿದು ನಿಲ್ಲುತ್ತಿದ್ದರು. ಹೀಗೆ ಎಷ್ಟು ಸಂಸಾರ ಉಳಿದವೋ!

ಕಾಕಾ ಮಾತ್ರ ಆ ಜೋಡಿಯ ಮಗುವನ್ನು ಮರೆಯಲಿಲ್ಲ. "ಕೂಸು ಯಾರ ಕಡೆ ಇರಬೇಕು ಅಂದ್ರ, ಕೂಸಿನ ಹಿತಾನೇ ಎಲ್ಲಾಕಿಂತ ದೊಡ್ಡದು ಅಂತದ ಕಾಯಿದೆ. ಆದ್ರ ಅದರ ಹೆಸರು ನಾವು ಕೂಗೂದೇ ಇಲ್ಲ. ಅಪ್ಪನ ಹೆಸರು ಕೂಗಿದೆ, ಕೂಸೇ ಓ ಅಂತು. ಅವ್ವನ ಹೆಸರು ಕೂಗಿದೆ, ಅದೇ ಓ ಅಂತು."

ಇಂಥವರ ಜೊತೆ ಅವರ ಹೆಂಡತಿ, ನಮ್ಮ ಕಾಕೂ, ಬಾಳಿದ್ದಾದರೂ ಹೇಗೆ? ಬಾಳಲಾರೆ ಎಂದೇ ಹೊರಟಿದ್ದರು! ಮೂರು ಸಲ "ಏನ್ರೀ" ಎನ್ನದ ಹೊರತು ಗಂಡ ತಿರುಗಿ ನೋಡುವುದಿಲ್ಲ, ಇದು ಮಾನಸಿಕ ಕ್ರೌರ್ಯ ಎಂದು ವಿಚ್ಛೇದನದ ಅರ್ಜಿ ಹಾಕಿದರು, ಅದೇ ಕೋರ್ಟಿನಲ್ಲಿ. ವಿಚಾರಣೆಯ ದಿನ ಇನ್ನೊಬ್ಬ ಪಟ್ಟೇವಾಲಾ ರಜೆ. ಹೆಂಡತಿಯ ಹೆಸರನ್ನು ಗಂಡನೇ ಕೂಗಬೇಕು! ಕಾಕಾ ಎರಡು ಸಲ ಕಟ್ಟಡ ನಡುಗುವಂತೆ ಕೂಗಿದರು. ಬೆಂಚಿನ ಮೇಲಿದ್ದ ಕಾಕೂ ಏಳಲಿಲ್ಲ. ನೀವು ಕಲಿಸಿದ ಪಾಠವೇ, ಮೂರಾಗಲಿ ಎಂಬ ಹಟ. ಕಾಕಾ ಮೂರನೆಯದನ್ನು ಪಿಸುಗುಟ್ಟಿದರು. ಅರ್ಜಿ ವಜಾ ಆಯಿತು.

"ಮೂರನೇದು ಕರದ್ರೇನು?" ಎಂದು ಕಾಕೂ ಬಂದು ಕೇಳಿದರಂತೆ.

"ಕರದೆ."

"ನನಗ ಕೇಳಸಲಿಲ್ಲ. ನಡೀರಿ, ಹಾಲು ತಗೊಂಡು ಮನೀಗೆ ಹೋಗೂಣು."

ಮತ್ತೆ ಅರ್ಜಿ ಹಾಕಬಹುದಿತ್ತು. ಹಾಕಲಿಲ್ಲ. ಕೊನೆಗೆ ಹಾಸಿಗೆ ಹಿಡಿದಾಗ ಕಾಕೂ ನನ್ನ ಕೈ ಹಿಡಿದು ಹೇಳಿದರು: "ಅವತ್ತು ಮೂರನೇದು ಕೇಳಸಿತ್ತವಾ. ಅವರಿಗೆ ಹೇಳಬ್ಯಾಡ."

ಕಾಕೂ ಹೋಗಿ ಇನ್ನೂ ವರ್ಷ ತುಂಬಿಲ್ಲ. ಮೊನ್ನೆ ದೀಪ ಹಚ್ಚುವ ಹೊತ್ತಿಗೆ ಭಕ್ಕರಿ ಕೊಡಲು ಅವರ ಮನೆಗೆ ಹೋದರೆ, ಕಾಕಾ ಟೊಪ್ಪಿಗೆ ಹಾಕಿಕೊಂಡು, ಬೂಟು ಕಟ್ಟಿಕೊಂಡು, ಅಡುಗೆಮನೆಗೆ ಮುಖ ಮಾಡಿ ಕುಳಿತಿದ್ದಾರೆ.

"ಎಲ್ಲಿಗೆ ಹೊಂಟೀರಿ ಕಾಕಾ?"

"ಎರಡು ಆಗ್ಯಾವ."

"ಏನು ಆಗ್ಯಾವ?"

"ನಿನ್ನೆ ಒಂದು, ಈಗೊಂದು. ಒಳಗಿಂದ 'ಏನ್ರೀ' ಅಂದಳು. ಮೂರನೇದಕ್ಕ ಹೋಗಬೇಕಲಾ."

ಅಡುಗೆಮನೆಗೆ ಇಣುಕಿದೆ. ಯಾರೂ ಇಲ್ಲ. ಒಲೆ ಹಚ್ಚಿರಲಿಲ್ಲ, ಆದರೂ ಹಾಲಿನ ಪಾತ್ರೆ ಮುಟ್ಟಿದರೆ ಬೆಚ್ಚಗಿತ್ತು! ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದ ಹೃದಯದ ಗುಳಿಗೆಗಳು ಮೇಜಿನ ಮೇಲೆ ಹಾಗೇ ಬಿದ್ದಿದ್ದವು.

"ಹೊಂಟಾವ್ಗ ಗುಳಗಿ ಯಾಕ?" ಎಂದರು ಕಾಕಾ.

ದೆವ್ವಕ್ಕೆ ಹೆದರಿದ್ದು ನಿಜ. ಅದಕ್ಕಿಂತ, ಈ ಹುಚ್ಚು ಮುದುಕ ನಿಜವಾಗಿಯೂ ಎದ್ದು ಹೋಗಿಬಿಟ್ಟಾರೆಂದು ಹೆದರಿದೆ. ಅವರಿಲ್ಲದ ಆ ಮನೆ ನನಗೆ ಬೇಡವಾಗಿತ್ತು. ವಕೀಲರಂತೆ ವಾದಕ್ಕೆ ನಿಂತೆ.

"ಅವತ್ತು ಮೂರನೇದು ನೀವು ಹೆಂಗ ಕರದಿದ್ರಿ?"

"...ಮೆಲ್ಲಕ."

"ಯಾಕ?"

"ಆಕಿ ಒಳಗ ಬರಬಾರ್ದು ಅಂತ."

"ಕಾಕೂಗೂ ಅಷ್ಟು ತಿಳಿಯೂದಿಲ್ಲೇನ್ರಿ? ಮೂರನೇದು ಅವರೂ ಮೆಲ್ಲಕ ಕರೀತಾರ, ನೀವು ಬರಬಾರ್ದು ಅಂತ."

ಕಾಕಾ ಅಡುಗೆಮನೆಯತ್ತ ನೋಡಿದರು. ಆಮೇಲೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕಣ್ಣು ತುಂಬಿದ್ದವು.

"ನೀರು ತಾರವಾ, ಗುಳಗಿ ತಗೋತೇನಿ."

ಒಳಗೆ ಹೋಗಿ ತಂಬಿಗೆಗೆ ನೀರು ಹಿಡಿದೆ. ನನ್ನ ಕಿವಿಯ ಹಿಂದೆ ಯಾರೋ, ಉಸಿರಿನಷ್ಟೇ ಮೆಲ್ಲಗೆ, "ಏನ್ರೀ" ಎಂದರು.

ನನಗೆ ಕೇಳಿಸಿತು. ಹೊರಗೆ ಬಂದು ಕಾಕಾನಿಗೆ ನೀರು ಕೊಟ್ಟೆ, ಗುಳಿಗೆ ಕೊಟ್ಟೆ. ಹೇಳಲಿಲ್ಲ.