ಕ್ಯಾರವಾನಿನ ಸೋರುವ ಟಬ್ಬು

ಪ್ಲಂಬರನ ಬದುಕಿನಲ್ಲಿ ನಗುವಿಗೆ ಬರವಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ದುಬೈಯ ಅಲ್ ಕುಸೈಸಿನ ಒಂದು ಗೋದಾಮಿನಲ್ಲಿ ನಾನು ಕೆಲಸಕ್ಕಿದ್ದೆ. ನಮ್ಮ ಧಣಿ ಮಂಗಳೂರು ಕಡೆಯವರು. ಬೀಚಿಗೆ, ಮರುಭೂಮಿಗೆ ಪಿಕ್ನಿಕ್ ಹೋಗುವವರಿಗೆ ಬಾಡಿಗೆ ಕೊಡಲೆಂದು ಹಳೆಯದೊಂದು ಕ್ಯಾರವಾನ್ ಕೊಂಡಿದ್ದರು. ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆ. ಒಳಗೆ ಒಲೆ, ಮಂಚ, ಸ್ನಾನದ ಟಬ್ಬು. ಟಬ್ಬಿನ ನೀರು ಹೋಗುವ ತೂತಿನ ಹತ್ತಿರ ಸೋರುವುದು ಉಚಿತ ಸೌಲಭ್ಯ.

ಮೊದಲ ಗಿರಾಕಿ

ಅಲ್ ಬರ್ಷಾದ ಮೇಡಂ ಒಬ್ಬರು ಕುಟುಂಬ ಸಮೇತ ಹೋಗಿಬಂದು, "ಕಾರ್ಪೆಟ್ ಪೂರ್ತಿ ಒದ್ದೆ" ಎಂದು ಜಗಳಕ್ಕೆ ನಿಂತರು.

ನಮ್ಮ ಮ್ಯಾನೇಜರ್ ಒಂದಿಷ್ಟೂ ಅಳುಕದೆ, "ಅದು ಕೂಲಿಂಗ್ ಸಿಸ್ಟಮ್, ಮೇಡಂ" ಎಂದರು.

"ಹೌದಾ? ಆಫ್ ಮಾಡುವ ಸ್ವಿಚ್ ಎಲ್ಲುಂಟು?"

ಧಣಿಯ ಕೈಚಳಕ

ಆಗ ನನಗೆ ಕರೆ ಬಂತು. ಊರಲ್ಲಿ ತಂಗಿಯ ಮದುವೆ ಹತ್ತಿರವಿತ್ತು, ಟಿಕೆಟ್ ಆಗಿತ್ತು, ರಜೆಯ ಅರ್ಜಿ ಧಣಿಯ ಮೇಜಿನ ಮೇಲೆ ಮಲಗಿತ್ತು.

"ಟಬ್ಬು ಸರಿಯಾಗದೆ ಸಹಿ ಇಲ್ಲ ಮಾರಾಯ."

"ರಬ್ಬರ್ ವಾಷರ್ ಸವೆದಿದೆ ಧಣಿ, ಹೊಸದು ಹಾಕಬೇಕು."

"ವಾಷರ್ ಎಂತಕ್ಕೆ? ಸಿಲಿಕೋನ್ ಬಳಿದರೆ ಖಲಾಸ್!" ಎಂದು ತಾವೇ ಟಬ್ಬಿಗಿಳಿದರು. ಸಿಲಿಕೋನ್ ಬಹಳ ಗಟ್ಟಿಯಾಗಿ ಹಿಡಿಯಿತು. ಸೋರುವ ಜಾಗವೊಂದನ್ನು ಬಿಟ್ಟು ಎಲ್ಲ ಕಡೆ. ಧಣಿಯ ಗಡ್ಡಕ್ಕೂ.

ವೈಜ್ಞಾನಿಕ ಪರೀಕ್ಷೆ

ಗಡ್ಡ ಬೋಳಿಸಿಕೊಂಡ ಮೇಲೆ ಧಣಿ ವಾಷರಿಗೆ ಒಪ್ಪಿದರು. ಟಬ್ಬಿನ ಕೆಳಗೆ ನನ್ನ ತಲೆ ಮಾತ್ರ ತೂರುವಷ್ಟು ಕಿಂಡಿ. ಅಂಗಾತ ಮಲಗಿ, ತಲೆ ತೂರಿಸಿ, ಹಳೇ ವಾಷರನ್ನು ಆಗಷ್ಟೇ ಬಿಚ್ಚಿದ್ದೆ.

ಮೇಲಿಂದ ಧಣಿ, "ನೀರು ಬಿಟ್ಟು ನೋಡುವಾ!" ಎಂದರು. ಬಿಟ್ಟೇಬಿಟ್ಟರು.

"ಸೋರ್ತದಾ?"

ಹೇಳಲು ಬಾಯಿ ತೆರೆದೆ. ಬಾಯಿ ತುಂಬ ನೀರು.

"ಉತ್ತರ ಇಲ್ಲ. ಅಂದರೆ ಸೋರುವುದಿಲ್ಲ" ಎಂದು ಮ್ಯಾನೇಜರ್ ಬರೆದುಕೊಂಡರು.

ಕೊನೆಯ ರಿಪೇರಿ

ಹೊಸ ವಾಷರ್ ಕೂತಿತು. ಒಂದು ಚೊಂಬು ನೀರು ಹಾಕಿ ನೋಡಿದೆವು, ಹನಿಯೂ ಸೋರಲಿಲ್ಲ. ಧಣಿ ರಜೆಗೆ ಸಹಿ ಹಾಕಿದರು. ಕ್ಯಾರವಾನ್ ಮತ್ತೆ ಅದೇ ಮೇಡಂ ಜೊತೆ ಬೀಚಿಗೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಫೋನು: "ಟಬ್ಬು ತುಂಬಿದೆ, ನೀರು ಇಳೀತಾನೇ ಇಲ್ಲ!"

ಸಂಜೆ ನನ್ನ ವಿಮಾನ. ಧಣಿಯ ಜೊತೆ ಬೀಚಿಗೆ ಓಡಿದೆ. ನೋಡಿದರೆ ಕೆಳಗಿನ ಪೈಪಿನಲ್ಲಿ ವರ್ಷಗಟ್ಟಲೆಯ ಮರಳು ಕಲ್ಲಾಗಿ ಕೂತಿದೆ. ಇಷ್ಟು ಕಾಲ ಟಬ್ಬಿನ ನೀರು ಹೋಗುತ್ತಿದ್ದದ್ದೇ ಆ ಸೋರಿಕೆಯಿಂದ. ಇದ್ದ ಒಂದೇ ದಾರಿಯನ್ನು ನಾನು ಕಷ್ಟಪಟ್ಟು ಮುಚ್ಚಿದ್ದೆ.

"ಪೈಪು ಪೂರ್ತಿ ಬಿಚ್ಚಬೇಕು ಧಣಿ, ಎರಡು ದಿನದ ಕೆಲಸ" ಎಂದೆ. ಮದುವೆ ತಪ್ಪಿತೆಂದುಕೊಂಡು ಸ್ಪ್ಯಾನರ್ ಎತ್ತಿಕೊಂಡೆ.

ಧಣಿ ಮೇಡಂ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಹೆಗಲ ಮೇಲೆ ಕೈಯಿಟ್ಟು ಬಹಳ ಪ್ರೀತಿಯಿಂದ ಹೇಳಿದರು: "ತಂಗಿಯ ಮದುವೆ ತಪ್ಪಿಸಬೇಡ ಮಾರಾಯ. ಐದು ನಿಮಿಷದ ಕೆಲಸ, ಆ ಹಳೇ ಲೀಕನ್ನೇ ವಾಪಸ್ ಹಾಕಿಕೊಟ್ಟು ಹೋಗು!"