ಜಾರುವ ವಿದ್ಯೆ

ಬೆಳಗ್ಗೆ ಒದ್ದೆ ರಸ್ತೆಯ ತಿರುವಿನಲ್ಲಿ ಔಷಧಿ ಅಂಗಡಿಯವನ ಕಾರು ಜಾರಿ, ಗಿರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಹಿಂದೆ ಕೂತಿದ್ದ ಅತ್ತೆ ಮಾತಿಲ್ಲದೆ ಇಳಿದು ನಡೆದೇ ಮನೆ ಸೇರಿದರು. ಮಾತೆಲ್ಲ ದಾರಿಯುದ್ದದ ಬಾಗಿಲುಗಳಲ್ಲಿ ಖರ್ಚಾಯಿತು.

"ಅಳಿಯಂದಿರಿಗೆ ಗಾಡಿ ಓಡ್ಸೋಕೆ ಬರಲ್ಲ. ನಾನಿನ್ನು ಆ ಕಾರು ಹತ್ತಲ್ಲ."

"ಅಮ್ಮ ಹತ್ತದ ಕಾರನ್ನ ನಾನೂ ಹತ್ತಲ್ಲ" ಎಂದಳು ಹೆಂಡತಿ.

ಅಂಗಡಿಯಲ್ಲಿ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮಂಡಿನೋವಿಗೆ ಮುಲಾಮು ಕೇಳಿದವರಿಗೆ ಕೆಮ್ಮಿನ ಸಿರಪ್ಪು ಕೊಟ್ಟ. ಜಾರುವುದನ್ನು ಕಲಿತರೆ ತಾನೇ ಸಾವರಿಸುವುದು ಬರುವುದು! ಮಧ್ಯಾಹ್ನವೇ ಬಾಗಿಲೆಳೆದು, ಪಾಳುಬಿದ್ದ ಗೋದಾಮಿನ ಹಿಂದಿನ ಸಿಮೆಂಟು ಅಂಗಳಕ್ಕೆ ಕಾರು ತಂದ. ಅಲ್ಲಿ ನೀರು ನಿಂತು ಪಾಚಿ ಕಟ್ಟಿತ್ತು.

ಗುಟ್ಟಾಗಿ ಕಲಿಯಬೇಕೆಂದರೆ ಬೀದಿಯವರು ಬಿಡಬೇಕಲ್ಲ. ಮಹಡಿ ಮನೆಯ ನಿವೃತ್ತ ಬಸ್ ಡ್ರೈವರು ಕರೆಯದೆ ಬಂದು ಗುರುವಾದರು. ಅವರ ಹಿಂದೆಯೇ ಟೈಲರೂ ಬಂದ.

"ಹ್ಯಾಂಡ್ ಬ್ರೇಕ್ ಎಳಿಯಪ್ಪಾ! ಹಿಂಭಾಗ ಯಾವ ಕಡೆ ಜಾರುತ್ತೋ ಆ ಕಡೆಗೇ ಸ್ಟೇರಿಂಗ್ ತಿರುಗ್ಸು!"

"ಅಯ್ಯೋ, ಎರಡೂ ಒಂದೇ ಕಡೆ ಎಳೆದ್ರೆ ಹೊಲಿಗೆ ಬಿಚ್ಚುತ್ತೆ!" ಎಂದ ಟೈಲರು.

"ಸುಮ್ನಿರಯ್ಯ, ಇದು ಕಾರು, ಪೈಜಾಮ ಅಲ್ಲ!"

ಮೊದಲ ಸಲ ಕಾರು ಬುಗುರಿಯಂತೆ ಸುತ್ತಿತು. ಅವನ ಕನ್ನಡಕ ಹಿಂದಿನ ಸೀಟಿಗೆ ಹಾರಿತು. ಆಮೇಲೆ ತುಕ್ಕು ಹಿಡಿದ ಡ್ರಮ್ಮೊಂದು ಉರುಳಿತು, ಪಕ್ಕದ ಕನ್ನಡಿ ಗೋಡೆಗೆ ಉಜ್ಜಿ ಪುಡಿಯಾಯಿತು. ಆದರೂ ಅವನು ಬಿಡಲಿಲ್ಲ. ಸಂಜೆಯಾಗುತ್ತಿದ್ದಂತೆ ಕೈಗೆ ಏನೋ ತಿಳಿಯಿತು. ಕಾರು ಅಡ್ಡಡ್ಡ ಜಾರಿತು, ಬೆಣ್ಣೆಯ ಮೇಲಿನ ಚಾಕುವಿನಂತೆ ನುಣ್ಣಗೆ ಸರಿಯಿತು, ಹೇಳಿದ ಜಾಗದಲ್ಲೇ ನಿಂತಿತು.

ಟೈಲರು ಓಡಿಹೋಗಿ ಅತ್ತೆಯನ್ನೂ ಹೆಂಡತಿಯನ್ನೂ ಕರೆತಂದ. ಅಳಿಯ ಎದೆಯುಬ್ಬಿಸಿ ಕಾರನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ಜಾರಿಸಿ, ಅತ್ತೆಯ ಚಪ್ಪಲಿಗೂ ಕೆಸರು ಸಿಡಿಯದಂತೆ ತಂದು ನಿಲ್ಲಿಸಿದ. ಹೆಂಡತಿ ಬಾಯಿ ಬಿಟ್ಟುಕೊಂಡು ನೋಡಿದಳು.

ಗುರುಗಳಿಗೆ ಹೆಮ್ಮೆ ತಡೆಯಲಾಗಲಿಲ್ಲ. "ನೋಡಿ ತಾಯಿ, ಎಂಥಾ ಹಿಡಿತ! ಇವನಾಗಿ ಮನಸ್ಸು ಮಾಡದೆ ಈ ಕಾರು ಒಂದಿಂಚೂ ಜಾರಲ್ಲ!"

ಅತ್ತೆ ಕಾರನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿದರು.

"ಓಹೋ! ಬೆಳಗ್ಗೆ ಹಿಂದೆ ನಾನು ಕೂತಿದೀನಿ ಅಂತ ಮನಸ್ಸು ಮಾಡಿಯೇ ಜಾರಿಸಿದ್ರಾ, ಅಳಿಯಂದಿರೇ?"

"ಅತ್ತೇ, ಅದಲ್ಲ... ಬೆಳಗ್ಗೆ ನಂಗೆ ನಿಜವಾಗ್ಲೂ ಬರ್ತಿರ್ಲಿಲ್ಲ..."

ಹೆಂಡತಿ ಅಂಗೈ ಚಾಚಿದಳು.

"ಕೀ ಕೊಡಿ."